ಬನ್ನೇರುಘಟ್ಟದ ಕಾಡಂಚಿನಲ್ಲಿ ಉರುಳು ಹುಡುಕುವುದು, ಲಂಟಾನ ಕೀಳುವುದು

ಬನ್ನೇರುಘಟ್ಟ ಎಂದೊಡನೆ ಬೆಂಗಳೂರಿನವರ ಕಣ್ಣಿಗೆ ಬರುವುದು ಸಫಾರಿ ಬಸ್ಸು. ಆ ಸಫಾರಿ, ಮೃಗಾಲಯ, ಚಿಟ್ಟೆ ಪಾರ್ಕು ಸೇರಿದ ಜೈವಿಕ ಉದ್ಯಾನ 2002ರಲ್ಲೇ ಬೇರೆಯಾಯಿತು. 1974ರಲ್ಲಿ ಘೋಷಣೆಯಾದ ರಾಷ್ಟ್ರೀಯ ಉದ್ಯಾನ ಅದರ ಬೆನ್ನಿಗೆ ದಕ್ಷಿಣಕ್ಕೆ ಚಾಚಿಕೊಂಡಿದೆ. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಎಂಬ ನಾಲ್ಕು ವಲಯ, ಒಟ್ಟು ಸುಮಾರು 260 ಚದರ ಕಿಲೋಮೀಟರ್. ಅಗಲ ಕಿರಿದು, ಉದ್ದ ಹೆಚ್ಚು. ಹಾಗಾಗಿ ಇಲ್ಲಿ ನಡುಗಾಡಿಗಿಂತ ಕಾಡಂಚೇ ಜಾಸ್ತಿ, ತೊಂದರೆಗಳು ಬರುವುದೂ ಅಂಚಿನಿಂದಲೇ. ಸ್ವಯಂಸೇವಕರಿಗೆ ಕೆಲಸವಿರುವುದು ಅಲ್ಲಿ: ಪ್ರಾಣಿ ಹಿಡಿಯಲು ಇಟ್ಟ ತಂತಿಯ ಕುಣಿಕೆ, ಅಂದರೆ ಉರುಳು ಹುಡುಕುವುದು, ಹೊರಗಿನಿಂದ ಬಂದು ಕಾಡಿಗೆ ಹಬ್ಬಿದ ಲಂಟಾನ ಎಂಬ ಮುಳ್ಳುಪೊದೆ ಕೀಳುವುದು.

ಮೊದಲಿಗೆ ಬೇಡದ ಕೆಲಸವೊಂದನ್ನು ಬಿಟ್ಟುಬಿಡಿ. ಮುಂಗಾರು ಬಂತೆಂದರೆ ಬೀಜದುಂಡೆ ಎಸೆಯಲು ಗುಂಪುಗಟ್ಟಿ ಹೊರಡುವ ರೂಢಿಯಿದೆ. ಇದು ಕುರುಚಲು, ಬಿದಿರು, ಹುಲ್ಲು ಬೆರೆತ ಒಣಕಾಡು. ಬಯಲಾಗಿ ಕಾಣುವ ಜಾಗ ಜಿಂಕೆ, ಕಾಟಿಗಳ ಮೇವಿನ ಜಾಗ, ಅಲ್ಲಿ ಮರ ಬೇಕಿಲ್ಲ. ಮೇಲಾಗಿ ನರ್ಸರಿ ಮಣ್ಣಿನ ಜೊತೆ ಕಾಂಗ್ರೆಸ್ ಗಿಡದ ಬೀಜವೂ ಒಳಗೆ ಹೋಗುತ್ತದೆ.

ಅನುಮತಿ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಪ್ರಕಾರ ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನದೊಳಗೆ ಕಾಲಿಡುವುದೇ ಅಪರಾಧ. ಲಂಟಾನವೇ ಆದರೂ ಗಿಡ ಕಿತ್ತು ಹೊರಗೆ ತರುವುದಕ್ಕೂ ಆದೇಶ ಬೇಕು. ಬನ್ನೇರುಘಟ್ಟದ ಉಪ ಅರಣ್ಯ ಸಂರಕ್ಷಣಾಧಿಕಾರಿಯವರಿಗೆ ಕನಿಷ್ಠ ಎರಡು ವಾರ ಮುಂಚೆ ಕನ್ನಡದಲ್ಲಿ ಪತ್ರ ಬರೆಯಿರಿ. ದಿನಾಂಕ, ವಲಯ, ಗಸ್ತು (ಒಬ್ಬ ಅರಣ್ಯ ಪಾಲಕರು ಕಾಯುವ ಪ್ರದೇಶ, ಬೀಟ್), ಏನು ಕೆಲಸ, ಯಾವ ಸಲಕರಣೆ, ಎಷ್ಟು ಜನ, ವಾಹನ ಸಂಖ್ಯೆ, ಎಲ್ಲರ ಗುರುತಿನ ಚೀಟಿಯ ಪ್ರತಿ, ಇಷ್ಟು ಸಾಕು. "ಪರಿಸರ ಜಾಗೃತಿ ಕಾರ್ಯಕ್ರಮ" ಎಂದು ಬರೆದರೆ ಫೈಲು ಹಾಗೇ ಕೂರುತ್ತದೆ. "ಇಂಥ ಗಸ್ತಿನಲ್ಲಿ ಎರಡು ಕಿಲೋಮೀಟರ್ ಅಂಚು, 16 ಜನ, ಉರುಳು ಶೋಧ" ಎಂದರೆ ವಲಯ ಅರಣ್ಯಾಧಿಕಾರಿಗೆ ಯಾರನ್ನು ಜೊತೆಗೆ ಕಳಿಸಬೇಕೆಂದು ಕೂಡಲೇ ತಿಳಿಯುತ್ತದೆ. ಹತ್ತು ಜನಕ್ಕೊಬ್ಬ ಗಸ್ತು ಅರಣ್ಯ ಪಾಲಕ ಅಥವಾ ವಾಚರ್ ಇರಲೇಬೇಕು. ವಾಚರ್‌ಗಳು ಹೆಚ್ಚಾಗಿ ಅದೇ ಊರಿನವರು. ಅವರು ನಿಲ್ಲಿ ಎಂದರೆ ಯಾಕೆ ಎಂದು ಕೇಳದೆ ನಿಲ್ಲಬೇಕು.

ಬೆಳಿಗ್ಗೆ ಏಳಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಮುಗಿತಾಯ. ನವೆಂಬರ್, ಡಿಸೆಂಬರಿನ ರಾಗಿ ಕೊಯ್ಲಿನ ಕಾಲದಲ್ಲಿ ತಮಿಳುನಾಡಿನ ತಳಿ ಎಂಬ ಊರಿನ ಕಡೆಯ ಕಾಡಿನಿಂದ ಆನೆಗಳು ಹೊಲಕ್ಕಿಳಿಯುತ್ತವೆ. ಆಗ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಅಂಚಿನಲ್ಲಿ ಓಡಾಡಬಾರದು. ಪಾದ ಮುಚ್ಚುವ ಬೂಟು, ಮಾಸಲು ಬಣ್ಣದ ತುಂಬುತೋಳಿನ ಅಂಗಿ, ತಲಾ ಮೂರು ಲೀಟರ್ ನೀರು, ರಕ್ತ ಹೀರುವ ಉಣ್ಣೆ ಹುಳು ಹತ್ತದಂತೆ ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು. ಹಾವು ಕಡಿತಕ್ಕೆ ಔಷಧಿ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಹಿಂದಿನ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಕಡಿದ ಮೇಲೆ ಹುಡುಕುತ್ತಾ ಕೂತರೆ ಆಗುವುದಿಲ್ಲ.

ಉರುಳು ಹುಡುಕುವ ಬಗೆ

ಉರುಳಿಗೆ ಬಳಕೆಯಾಗುವುದು ಹೆಚ್ಚಾಗಿ ಬೈಕಿನ ಕ್ಲಚ್ ವೈರ್ ಇಲ್ಲವೇ ಬ್ರೇಕ್ ವೈರ್. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆ. ಮೊಲಕ್ಕೆ ಹಾಕಿದ್ದು ಅಂಗೈ ಅಗಲದ ಕುಣಿಕೆ, ನೆಲದಿಂದ ನಾಲ್ಕು ಬೆರಳು ಮೇಲೆ. ಹಂದಿಗಾದರೆ ಕುಣಿಕೆ ಗೇಣಿಗಿಂತ ದೊಡ್ಡದು, ಮೊಣಕಾಲಿನ ಮಟ್ಟಕ್ಕೆ ಇರುತ್ತದೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ, ಕರಡಿ ಸಿಕ್ಕಿಬೀಳುತ್ತವೆ. ಎತ್ತರ ಹೆಚ್ಚು ಕಡಿಮೆ ಒಂದೇ, ತಂತಿಗೆ ಪ್ರಾಣಿಯ ಭೇದ ಗೊತ್ತಿಲ್ಲ.

ಹುಡುಕಲು ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಎಲೆ ಉದುರಿರುತ್ತದೆ, ಹುಲ್ಲು ಬಾಗಿರುತ್ತದೆ. ಆರರಿಂದ ಎಂಟು ಜನ ನಾಲ್ಕು ಮೀಟರ್ ಅಂತರದಲ್ಲಿ ಸಾಲಾಗಿ, ಗಂಟೆಗೆ ಅರ್ಧ ಕಿಲೋಮೀಟರ್‌ಗಿಂತ ವೇಗವಾಗದಂತೆ ನಡೆಯಬೇಕು. ಹೊಸಬರು ಮಾಡುವ ತಪ್ಪು ಎಂದರೆ ನಿಂತ ಎತ್ತರದಿಂದಲೇ ನೋಡುವುದು. ಹತ್ತು ಹೆಜ್ಜೆಗೊಮ್ಮೆ ಕುಕ್ಕರುಗಾಲಿನಲ್ಲಿ ಕೂತು, ಪ್ರಾಣಿಯ ಕಣ್ಣಿನ ಮಟ್ಟದಿಂದ ಪೊದೆಯ ಸಂದು ನೋಡಿ. ಬಿಸಿಲು ಎದುರಿಗೆ ಬೀಳುವಂತೆ ನಡೆದರೆ ತಂತಿಯ ಗೆರೆ ಕಾಣುತ್ತದೆ. ಬೆನ್ನಿಗೆ ಬಿಸಿಲಿದ್ದರೆ ತುಕ್ಕು ಹಿಡಿದ ತಂತಿಗೂ ಒಣಬಳ್ಳಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ತಂತಿಗಿಂತ ಮುಂಚೆ ಅದರ ಸುಳಿವು ಕಣ್ಣಿಗೆ ಬೀಳುತ್ತದೆ. ಜಾಡಿನ ಎರಡೂ ಬದಿ ಮುಳ್ಳುಕೊಂಬೆ ಜೋಡಿಸಿ ನಡುವೆ ಬಿಟ್ಟ ಕಿಂಡಿ, ಹೊಸದಾಗಿ ಮಚ್ಚಿನಿಂದ ಕಡಿದ ಗೂಟ, ಒಂದೇ ಎತ್ತರದಲ್ಲಿ ತೊಗಟೆ ತರಚಿದ ಮರ. ನೆಲ ಒಂದು ವೃತ್ತದಷ್ಟು ಕೆದರಿ ಬೋಳಾಗಿದ್ದರೆ ಅಲ್ಲಿ ಯಾವುದೋ ಪ್ರಾಣಿ ಒದ್ದಾಡಿದೆ ಎಂದರ್ಥ. ಒಂದು ಉರುಳು ಸಿಕ್ಕಿತೆಂದರೆ ಅಲ್ಲಿಗೆ ಮುಗಿಯಲಿಲ್ಲ. ಇಡುವವರು ಒಂದೇ ಇಡುವುದು ಅಪರೂಪ, ಅದೇ ಜಾಡಿನಲ್ಲಿ ಎರಡೂ ದಿಕ್ಕಿಗೆ ನೂರು ಮೀಟರ್ ಮತ್ತೆ ಜಾಲಾಡಿ.

ಸಿಕ್ಕ ಉರುಳನ್ನು ಕೀಳಬೇಡಿ! ಕೈ ತುರಿಸುತ್ತದೆ, ನಿಜ. ಆದರೆ ಕಾಯ್ದೆಯಲ್ಲಿ ಉರುಳು ಹಾಕುವುದೂ ಬೇಟೆಯೇ, ಆ ತಂತಿ ಸಾಕ್ಷ್ಯ. ದೂರದಿಂದೊಂದು, ಹತ್ತಿರದಿಂದೊಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದು, ಜಿಪಿಎಸ್ ಗುರುತು ಹಾಕಿಕೊಂಡು ಅರಣ್ಯ ಪಾಲಕರನ್ನು ಕರೆಯಿರಿ. ಮಹಜರು ಆದ ಮೇಲೆ ಅವರೆದುರಿಗೇ ಬಿಚ್ಚುವುದು. ಸಾಮಾನ್ಯ ಕಟಿಂಗ್ ಪ್ಲೇಯರ್‌ನಲ್ಲಿ ಎಳೆ ಎಳೆ ಹೆಣೆದ ಈ ತಂತಿ ನುಜ್ಜಾಗುತ್ತದೆ ಹೊರತು ತುಂಡಾಗುವುದಿಲ್ಲ. ಎಂಟು ಇಂಚಿನ ಕೇಬಲ್ ಕಟರ್ ಒಯ್ಯಿರಿ. ಗೂಟಕ್ಕೆ ಕಟ್ಟಿದ ತುದಿಯನ್ನೂ ಬಿಡದೆ ತನ್ನಿ, ಉಳಿದ ತುಂಡೇ ಮತ್ತೊಂದು ಉರುಳಾಗುತ್ತದೆ. ಫೋಟೋವನ್ನು ಜಾಗದ ಗುರುತಿನೊಂದಿಗೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಎರಡು ಅಪಾಯಗಳಿವೆ. ಹೊಲದ ಬದುವಿನಲ್ಲಿ ಉದ್ದಕ್ಕೆ ಎಳೆದ ಬರೀ ತಂತಿ ಕಂಡರೆ ಅದರಲ್ಲಿ ಕರೆಂಟ್ ಇದೆ ಎಂದೇ ತಿಳಿಯಿರಿ. ಮೇಲಿನ ಲೈನಿಗೆ ಕೊಕ್ಕೆ ಹಾಕಿ ಹಂದಿಗೆ ಇಡುವವರಿದ್ದಾರೆ. ಹಿಂದೆ ಸರಿದು ಬೆಸ್ಕಾಂನ 1912ಕ್ಕೆ ಕರೆ ಮಾಡಿ. ಇನ್ನೊಂದು ಸಿಡಿಮದ್ದು: ನಿಂಬೆಹಣ್ಣಿನ ಗಾತ್ರದ ಉಂಡೆ, ನೂಲು ಸುತ್ತಿದ್ದು ಅಥವಾ ಹಿಟ್ಟು, ಹಣ್ಣಿನೊಳಗೆ ಅಡಗಿಸಿದ್ದು. ಕಾಲಿನಿಂದ ತಳ್ಳಿ ನೋಡುವ ಕುತೂಹಲ ಬೇಡವೇ ಬೇಡ.

ಪ್ರಾಣಿ ಜೀವಂತ ಸಿಕ್ಕಿಬಿದ್ದಿದ್ದರೆ ಐವತ್ತು ಮೀಟರ್ ಹಿಂದೆ ಸರಿದು, ಮಾತು ನಿಲ್ಲಿಸಿ, ಅರಣ್ಯ ಇಲಾಖೆಯ 1926 ಸಹಾಯವಾಣಿಗೂ ವಲಯ ಕಚೇರಿಗೂ ತಿಳಿಸಿ. ಜನರನ್ನು ಕಂಡಷ್ಟೂ ಅದು ಎಳೆದಾಡುತ್ತದೆ, ತಂತಿ ಒಳಗೆ ಇಳಿಯುತ್ತದೆ. ತಂತಿ ಹರಿದರೆ ಚಿರತೆ ಮೊದಲು ನುಗ್ಗುವುದು ಹತ್ತಿರ ನಿಂತವರ ಮೇಲೆ. ಪಶುವೈದ್ಯರು ಬರುವವರೆಗೆ ನಿಮ್ಮ ಕೆಲಸ ಊರವರು ಮೊಬೈಲ್ ಹಿಡಿದು ಸೇರದಂತೆ ದಾರಿ ಕಾಯುವುದಷ್ಟೇ.

ಲಂಟಾನ

ಇದನ್ನು ಆನೆ ತಿನ್ನದು, ಜಿಂಕೆ ಮೂಸದು. ಅದರಡಿ ಹುಲ್ಲು ಬೆಳೆಯದು, ಒಣಗಿದರೆ ಬೆಂಕಿಯನ್ನು ಮರದ ತಲೆಗೆ ಏರಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹಿಂದೆ ನೆಲದ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೇ ಲಂಟಾನ ಹಬ್ಬಿತು ಎನ್ನುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಹಾಗೆಂದು ಸ್ವಯಂಸೇವಕರು ಬೆಂಕಿ ಹಾಕುವ ಮಾತೇ ಇಲ್ಲ, ರಾಷ್ಟ್ರೀಯ ಉದ್ಯಾನದಲ್ಲಿ ಅದು ಅಪರಾಧ.

ಮಚ್ಚು ಬೀಸಿ ಸವರಿದರೆ ಜಾಗ ಅಂದಿಗೆ ಚೊಕ್ಕಟವಾಗಿ ಕಾಣುತ್ತದೆ. ಮುಂದಿನ ಮಳೆಗೆ ಒಂದು ಬುಡದಲ್ಲಿ ಹತ್ತು ಚಿಗುರು. ಮಾಡಬೇಕಾದ್ದು ಬೇರು ಕಡಿಯುವುದು. ಕಾಂಡ ಮುಗಿದು ಬೇರು ಶುರುವಾಗುವ ಗಂಟಿನಿಂದ ಎರಡು ಮೂರು ಬೆರಳು ಕೆಳಗೆ, ಅಂದರೆ ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಆಳದಲ್ಲಿ, ಪಿಕಾಸಿಯಿಂದ ತಾಯಿಬೇರಿಗೆ ಓರೆಯಾಗಿ ಹೊಡೆಯಿರಿ. ಚಿಗುರುವ ಶಕ್ತಿಯೆಲ್ಲ ಆ ಗಂಟಿನಲ್ಲಿದೆ, ಅದು ಮೇಲೆ ಬಂದರೆ ನೆಲದಲ್ಲುಳಿದ ಬೇರು ಸಾಯುತ್ತದೆ. ಬುಡ ಹಿಡಿದು ಪೊದೆಯನ್ನು ಎತ್ತಿ, ಬೇರು ಆಕಾಶ ನೋಡುವಂತೆ ತಲೆಕೆಳಗಾಗಿ ಬಂಡೆಯ ಮೇಲಿಡಿ. ನೆಲಕ್ಕೆ ತಾಗಿದ ಕಾಂಡವೂ ಬೇರು ಬಿಡುತ್ತದೆ. ಮಣ್ಣು ಮೆತ್ತಗಿರುವ ಜೂನ್, ಜುಲೈನಲ್ಲಿ, ಕಾಯಿ ಕಪ್ಪಾಗುವ ಮುನ್ನ ಈ ಕೆಲಸ ಸಲೀಸು. ಹಣ್ಣು ಬಿಟ್ಟಿದ್ದರೆ ಪೊದೆಯನ್ನು ಎಳೆದುಕೊಂಡು ಹೋಗಬೇಡಿ, ದಾರಿಯುದ್ದಕ್ಕೂ ಬಿತ್ತಿದಂತಾಗುತ್ತದೆ. ಪಿಕಳಾರ ಹಕ್ಕಿಗಳು ಆ ಕೆಲಸವನ್ನು ಹೇಗೂ ಮಾಡುತ್ತಿವೆ.

ಗಿಡ ಗುರುತಿಸುವುದರಲ್ಲಿ ಎಡವಟ್ಟು ಆಗುವುದು ಕವಳಿ ಗಿಡದ ವಿಷಯದಲ್ಲಿ. ಎರಡೂ ಮುಳ್ಳಿನ ಪೊದೆಗಳೇ. ಲಂಟಾನದ ಎಳೆ ಕಾಂಡ ಚೌಕಾಕಾರ, ಎಲೆ ಒರಟು, ಉಜ್ಜಿದರೆ ಘಾಟು. ಕವಳಿಯ ಎಲೆ ನುಣುಪು, ಮುರಿದರೆ ಬಿಳಿ ಹಾಲು. ಕೆಲಸಕ್ಕೆ ಮುಂಚೆ ಒಬ್ಬರು ಪೊದೆಯೊಳಗೆ ಇಣುಕಿ ಕವಳಿ, ಬಂದರಿಕೆ, ಮರಗಳ ಸಸಿಗಳಿಗೆ ಬಣ್ಣದ ಬಟ್ಟೆ ಚೂರು ಕಟ್ಟಲಿ. ಹೊರಡುವಾಗ ಅವನ್ನು ಬಿಚ್ಚಿಕೊಳ್ಳಿ. ಅದಕ್ಕೂ ಮುಂಚೆ ವಾಚರ್ ಉದ್ದ ಕೋಲಿನಿಂದ ಪೊದೆ ಬಡಿದು ಸದ್ದು ಮಾಡಬೇಕು, ಒಳಗೆ ಹಂದಿಯೋ ಕರಡಿಯೋ ಮಲಗಿರಬಹುದು, ಬುಡದಲ್ಲಿ ಕೊಳಕುಮಂಡಲ ಇರಬಹುದು. ಹಕ್ಕಿಗೂಡಿದ್ದರೆ ಆ ಪೊದೆ ಬಿಡಿ. ಕೈಗೆ ಚರ್ಮದ ಗ್ಲೌಸೇ ಆಗಬೇಕು, ನೂಲಿನದು ತಡೆಯದು.

ಇಪ್ಪತ್ತು ಜನ ಹೊಸಬರು ಅರ್ಧ ದಿನದಲ್ಲಿ ಹತ್ತು ಗುಂಟೆ ಮಾಡಿದರೆ ಹೆಚ್ಚು. ಅದಕ್ಕಿಂತ ಹೆಚ್ಚಿಗೆ ಮುಟ್ಟಲೂಬೇಡಿ. ಮಣ್ಣಿನಲ್ಲಿರುವ ಬೀಜ ಮೊದಲ ಮಳೆಗೇ ಮೊಳೆಯುತ್ತದೆ. ವರ್ಷಕ್ಕೆ ಎರಡು ಸಲದಂತೆ ಮೂರು ವರ್ಷ ಅದೇ ಹತ್ತು ಗುಂಟೆಗೆ ಹೋಗಿ ಸಸಿಗಳನ್ನು ಕೈಯಿಂದ ಕೀಳಬೇಕು. ಒಮ್ಮೆ ಕಿತ್ತು ಫೋಟೋ ತೆಗೆಸಿಕೊಂಡು ಮರೆತ ಜಾಗದಲ್ಲಿ ಎರಡು ವರ್ಷದ ಬಳಿಕ ಮೊದಲಿಗಿಂತ ಗಟ್ಟಿ ಲಂಟಾನ ಇರುತ್ತದೆ.

ಪ್ಲಾಸ್ಟಿಕ್, ಬೆಂಕಿ

ರಸ್ತೆ ಬದಿಯ ಕಸ ಹೆಕ್ಕುವುದು ಎಲ್ಲರಿಗೂ ಗೊತ್ತು. ಗೋಣಿಚೀಲ ಬಳಸಿ, ಗಾಜಿಗೆ ಬೇರೆ ಚೀಲ ಇರಲಿ. ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಸಾಗಿಸುವ ಗಾಡಿ ಗೊತ್ತಾದ ಮೇಲಷ್ಟೇ ಕೈ ಹಾಕಿ. ಅಂಚಿನಲ್ಲಿ ಪೇರಿಸಿ ಬಂದ ಚೀಲಗಳನ್ನು ರಾತ್ರಿ ಕಾಡುಪ್ರಾಣಿಗಳು ಹರಿದಿರುತ್ತವೆ.

ಕಾಳ್ಗಿಚ್ಚಿಗೆ ಓಡಿಹೋಗಬೇಡಿ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಬೆಂಗಳೂರಿನಿಂದಲೂ ಜನ ಹೋಗಿದ್ದರು. ಅದಕ್ಕೆ ಎರಡು ವರ್ಷ ಮೊದಲು ಅದೇ ಬಂಡೀಪುರದಲ್ಲಿ, ಕಾಡು ಬಲ್ಲ ಅರಣ್ಯ ರಕ್ಷಕರೊಬ್ಬರೇ ಬೆಂಕಿಗೆ ಸಿಕ್ಕಿ ತೀರಿಕೊಂಡಿದ್ದರು. ಡಿಸೆಂಬರ್, ಜನವರಿಯಲ್ಲಿ ಬೆಂಕಿ ರೇಖೆಯ (ಕಿಚ್ಚು ದಾಟದಂತೆ ಬೋಳಾಗಿಡುವ ಪಟ್ಟಿಯ) ತರಗೆಲೆ ಗುಡಿಸಲು ಇಪ್ಪತ್ತು ಜನ ಬಂದರೆ ಮಾರ್ಚ್‌ನಲ್ಲಿ ಇನ್ನೂರು ಜನ ಬಂದುದಕ್ಕಿಂತ ಉಪಯೋಗ.

ಕಾಗದದ ಕೆಲಸ

ಇದಕ್ಕೆ ಬರುವವರು ಕಡಿಮೆ, ಫಲ ಹೆಚ್ಚು. ಉರುಳಿಡುವವರಲ್ಲಿ ಹಲವರು ಬೆಳೆ ಕಳೆದುಕೊಂಡ ರೈತರು. ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಅರ್ಜಿ ಹಾಕಲು ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾನಿಯ ಫೋಟೋ ಬೇಕು. ಹೊಲ ಉತ್ತು ಬಿಟ್ಟ ಮೇಲೆ ಪರಿಶೀಲನೆಗೆ ಏನೂ ಉಳಿಯದು, ಹಾಗಾಗಿ ಹಾನಿಯಾದ ಬೆಳಿಗ್ಗೆಯೇ ಫೋಟೋ ಆಗಬೇಕು. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವುದು ಸಾಮಾನ್ಯ ಅಡಚಣೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಜೊತೆಗೆ ಹೋಗಿಬನ್ನಿ.

ಇನ್ನೊಂದು, ಪರಿಸರ ಸೂಕ್ಷ್ಮ ವಲಯ, ಅಂದರೆ ಉದ್ಯಾನದ ಸುತ್ತ ಕೆಲವು ಚಟುವಟಿಕೆಗಳಿಗೆ ನಿರ್ಬಂಧವಿರುವ ಪಟ್ಟಿ. 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇದ್ದ ಬನ್ನೇರುಘಟ್ಟದ ವಲಯ 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ 168.84ಕ್ಕೆ ಇಳಿಯಿತು. ಉಳಿದಿದ್ದರಲ್ಲಾದರೂ ಕಲ್ಲು ಗಣಿಗಾರಿಕೆ, ಜಲ್ಲಿ ಕ್ರಷರ್ ನಿಷಿದ್ಧ. ಅನುಮಾನದ ಕೆಲಸ ಕಂಡರೆ ಸಾರ್ವಜನಿಕ ರಸ್ತೆಯಲ್ಲೇ ನಿಂತು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ತೆಗೆಯಿರಿ, ಊರಿನ ಹೆಸರು ಅಧಿಸೂಚನೆಯಲ್ಲಿದೆಯೇ ನೋಡಿ, ನಕ್ಷೆಯೊಂದಿಗೆ ತಾಳೆ ಹಾಕಿ. ಇದ್ದರೆ ಫೋಟೋ ಸಮೇತ ತಹಶೀಲ್ದಾರರಿಗೂ ವಲಯ ಅರಣ್ಯಾಧಿಕಾರಿಗೂ ದೂರು ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ, ಮೂವತ್ತು ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ಮೂರು ಸರ್ವೆ ನಂಬರಿನ ಬಗ್ಗೆ ಕೇಳುವುದಿದ್ದರೆ ಮೂರು ಅರ್ಜಿ ಹಾಕುವುದೇ ಕ್ಷೇಮ.