ಗಾಳಕ್ಕಿಂತ ಮೊದಲು ಗಾಳಿ ನೋಡಿ: ನಾರ್ವೆ ಕಡಲಿಗೆ ಮೀನು ಹಿಡಿಯಲು ಹೊರಡುವವರಿಗೆ

ಜರ್ಮನಿ, ನೆದರ್‌ಲ್ಯಾಂಡ್ಸ್, ಸ್ವೀಡನ್‌ಗಳಲ್ಲಿ ಕೆಲಸದಲ್ಲಿರುವ ನಮ್ಮವರು ನಾರ್ವೆಗೆ ಮೀನು ಹಿಡಿಯಲು ಹೊರಟರೆ ಪ್ಲ್ಯಾನ್ ಹೆಚ್ಚುಕಡಿಮೆ ಒಂದೇ ತರ ಇರುತ್ತದೆ. ಶುಕ್ರವಾರ ರಾತ್ರಿ ವಿಮಾನ, ಶನಿವಾರ ಸುತ್ತಾಟ, ಭಾನುವಾರ ಬೆಳಿಗ್ಗೆ ದೋಣಿ, ಸಂಜೆ ವಾಪಸ್. ಭಾನುವಾರ ಗಾಳಿ ಬೀಸಿತು ಅಂದರೆ ದೋಣಿ ಹೊರಡುವುದಿಲ್ಲ. ಬಂದರಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಸೂಪರ್‌ಮಾರ್ಕೆಟಿನ ಮೀನು ತಿಂದು ಬರುತ್ತಾರೆ. ಇದಕ್ಕಿಂತ ಕೆಟ್ಟದ್ದು, ಬಾಡಿಗೆ ದೋಣಿ ತೆಗೆದುಕೊಂಡು ಆ ಗಾಳಿಗೇ ಹೊರಡುವವರದ್ದು. ಅದಕ್ಕೇ ಈ ಲೇಖನ.

ಹಂತ 1: ಜಾಗ ಮತ್ತು ತಿಂಗಳು

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಉತ್ತರದ ಬೋಡೋ ಮತ್ತು ಅದರ ಎದುರಿನ ಲೋಫೋಟೆನ್ ದ್ವೀಪಗಳು. ಬೋಡೋಗೆ ವಿಮಾನ ಇದೆ, ಅಲ್ಲಿಂದ ಮೋಸ್ಕೆನೆಸ್‌ಗೆ ಕಾರು ಹತ್ತಿಸುವ ಫೆರ್ರಿ ಇದೆ. ಮೂರ್ನಾಲ್ಕು ಗಂಟೆಯ ದಾರಿ. ಓಸ್ಲೋ ಹತ್ತಿರವೇ ಸಾಕು ಅನ್ನುವವರು ಗಮನಿಸಿ: ಕಾಡ್ (cod) ಎಂಬ ಮೀನು ತೀರಾ ಕಡಿಮೆಯಾದ್ದರಿಂದ, ನೆಲದೊಳಕ್ಕೆ ಚಾಚಿದ ಕಡಲಿನ ಕವಲಾದ ಓಸ್ಲೋ ಫ್ಯೋರ್ಡ್‌ನಲ್ಲಿ ಅದನ್ನು ಹಿಡಿಯುವುದನ್ನೇ 2019ರಲ್ಲಿ ನಿಷೇಧಿಸಿದ್ದಾರೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬ್ಯಾರೆಂಟ್ಸ್ ಸಮುದ್ರದಿಂದ ದೊಡ್ಡ ಕಾಡ್‌ಗಳು ಮೊಟ್ಟೆ ಇಡಲು ಲೋಫೋಟೆನ್‌ಗೆ ಬರುತ್ತವೆ. ಇವಕ್ಕೆ ಅಲ್ಲಿಯವರು ಸ್ಕ್ರೇ ಅನ್ನುತ್ತಾರೆ. ಸ್ವೋಲ್ವೇರ್ ಊರಿನಲ್ಲಿ ಮಾರ್ಚ್‌ನಲ್ಲಿ ಇದರ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತದೆ. ಮೀನು ದೊಡ್ಡದು ನಿಜ, ಆದರೆ ಚಳಿ, ಹಿಮ, ಬಿರುಗಾಳಿ ಎಲ್ಲ ಒಟ್ಟಿಗೆ ಬರುತ್ತವೆ. ಮೊದಲ ಸಲಕ್ಕೆ ಬೇಡ. ಜೂನ್‌ನಲ್ಲಿ ಹೋಗಿ. ಲೋಫೋಟೆನ್‌ನಲ್ಲಿ ಜೂನ್ ಪೂರ್ತಿ ಸೂರ್ಯ ಮುಳುಗುವುದಿಲ್ಲ. ಹಗಲು ಗಾಳಿ ಇದ್ದರೆ ರಾತ್ರಿ 11ಕ್ಕೆ ಗಾಳ ಹಾಕಬಹುದು, ಬೆಳಕಿನ ಚಿಂತೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಮಲ್ಪೆಯಲ್ಲಿ ಯಾಂತ್ರೀಕೃತ ಬೋಟುಗಳೆಲ್ಲ ದಡದಲ್ಲಿ ಕಟ್ಟಿರುತ್ತವೆ. ಅಲ್ಲಿ ಅದೇ ಹೊತ್ತಿಗೆ ಪ್ರವಾಸಿಗರ ಸುಗ್ಗಿ.

ಹಂತ 2: ಕಾಗದಪತ್ರ

ಷೆಂಗೆನ್ ವೀಸಾ ಅಥವಾ ಷೆಂಗೆನ್ ದೇಶದ ರೆಸಿಡೆನ್ಸ್ ಕಾರ್ಡ್ ಸಾಕು. ಸಮುದ್ರದಲ್ಲಿ ಕೈಗಾಳ, ರಾಡ್ ಬಳಸಲು ಲೈಸೆನ್ಸ್ ಬೇಡ. ಪ್ರವಾಸಿಗರು ಬಲೆ, ಬೋನು ಮುಟ್ಟುವಂತಿಲ್ಲ, ಹಿಡಿದದ್ದನ್ನು ಮಾರುವಂತಿಲ್ಲ. ನದಿಯ ಸಾಲ್ಮನ್ ಕಥೆಯೇ ಬೇರೆ; ಸರ್ಕಾರಿ ಶುಲ್ಕವೂ ಬೇಕು, ಆ ನದಿಯ ಪರವಾನಗಿಯೂ ಬೇಕು.

ಹಂತ 3: ದಿನಗಳ ಲೆಕ್ಕ ಮತ್ತು ಗಾಳಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನಕ್ಕೆ ಓದಿ.

ಕನಿಷ್ಠ 5 ದಿನ ಇಟ್ಟುಕೊಳ್ಳಿ. ದೋಣಿ ಬುಕಿಂಗ್ ಮೊದಲ ಪೂರ್ಣ ದಿನಕ್ಕೇ ಇರಲಿ. ಕೊನೆಯ ದಿನಕ್ಕೆ ಇಟ್ಟುಕೊಂಡು ಅದು ರದ್ದಾದರೆ ಹಣ ವಾಪಸ್ ಬರಬಹುದು, ಮೀನು ಬರುವುದಿಲ್ಲ. ಮೊದಲ ದಿನದ್ದು ರದ್ದಾದರೆ ಮುಂದಕ್ಕೆ ಹಾಕಲು ಇನ್ನೂ ದಿನಗಳು ಕೈಯಲ್ಲಿರುತ್ತವೆ. ಬುಕ್ ಮಾಡುವಾಗಲೇ ಒಂದು ಸಾಲು ಬರೆದು ಕೇಳಿ: ಹವಾಮಾನ ಕೆಟ್ಟರೆ ದಿನ ಬದಲಿಸಿಕೊಡುತ್ತೀರಾ?

ಇನ್ನು ಗಾಳಿ. ಅಲ್ಲಿಯವರೆಲ್ಲ ನೋಡುವುದು ವೈ-ಆರ್ (Yr) ಎಂಬ ಎರಡೇ ಅಕ್ಷರದ ಹವಾಮಾನ ಆ್ಯಪ್. ನಾರ್ವೆಯ ಹವಾಮಾನ ಇಲಾಖೆ ಮತ್ತು ಅಲ್ಲಿನ ಸರ್ಕಾರಿ ಪ್ರಸಾರ ಸಂಸ್ಥೆ ಸೇರಿ ನಡೆಸುವಂಥದ್ದು. ಅದರಲ್ಲಿ ಗಾಳಿ ಇರುವುದು ಸೆಕೆಂಡಿಗೆ ಇಷ್ಟು ಮೀಟರ್ ಎಂದು. ನಮಗೆ ಗಂಟೆಗೆ ಕಿಲೋಮೀಟರ್ ರೂಢಿ. ‘10’ ಎಂದು ಕಂಡ ಕೂಡಲೇ ‘ಅಯ್ಯೋ, ಹತ್ತು ತಾನೇ’ ಅನ್ನುತ್ತಾರೆ. ಅದು ಗಂಟೆಗೆ 36 ಕಿಲೋಮೀಟರ್! 3.6ರಿಂದ ಗುಣಿಸುವುದನ್ನು ಮರೆಯಬೇಡಿ. 8 ಬಂದರೇ ಕಡಲ ತುಂಬ ಬಿಳಿ ನೊರೆ ಎದ್ದಿರುತ್ತದೆ.

ಪಕ್ಕದಲ್ಲಿ ಆವರಣದೊಳಗೆ ಇನ್ನೊಂದು ಅಂಕಿ ಇರುತ್ತದೆ, 4 (9) ಎಂಬ ಹಾಗೆ. ಒಳಗಿನದು ಆಗಾಗ ರಪ್ಪನೆ ಬೀಸುವ ಜೋರು ಗಾಳಿಯ ವೇಗ. ನಾಲ್ಕನ್ನು ನೋಡಿ ಹೊರಟವರಿಗೆ ಹೊಡೆಯುವುದು ಆ ಒಂಬತ್ತು. ಲೋಫೋಟೆನ್‌ನಲ್ಲಿ ಬೆಟ್ಟಗಳು ನೀರಿನಿಂದಲೇ ನೆಟ್ಟಗೆ ಎದ್ದಿವೆ. ಅವುಗಳ ಸಂದಿಯಿಂದ ಗಾಳಿ ಇದ್ದಕ್ಕಿದ್ದಂತೆ ಕೆಳಕ್ಕೆ ನುಗ್ಗುತ್ತದೆ. ಚಿಕ್ಕ ದೋಣಿಗೆ ನನ್ನ ಲೆಕ್ಕ ಇಷ್ಟೇ: ಹೊರಗಿನ ಅಂಕಿ 5 ದಾಟಬಾರದು, ಒಳಗಿನದು 8 ದಾಟಬಾರದು. ಇದರಲ್ಲಿ ಚೌಕಾಸಿ ಇಲ್ಲ.

ದಿಕ್ಕೂ ಮುಖ್ಯ. ಸ್ವೋಲ್ವೇರ್, ಹೆನ್ನಿಂಗ್ಸ್‌ವೇರ್ ಇರುವ ವೆಸ್ಟ್‌ಫ್ಯೋರ್ಡ್‌ನ ಬಾಯಿ ನೈಋತ್ಯಕ್ಕೆ ತೆರೆದಿದೆ. ಆ ಕಡೆಯಿಂದ ಗಾಳಿ ಬಂದರೆ ತೆರೆದ ಕಡಲಿನ ಅಲೆ ನೇರ ಒಳಗೆ ಬರುತ್ತದೆ. ಗಾಳಿ ನಿಂತ ಮೇಲೂ ಹಿಂದಿನ ದಿನದ ಅಲೆ ಉಳಿದಿರುತ್ತದೆ, ಅದನ್ನು ಬ್ಯಾರೆಂಟ್ಸ್‌ವಾಚ್ ಎಂಬ ಸರ್ಕಾರಿ ತಾಣದಲ್ಲಿ ಬೇರೆಯಾಗಿ ನೋಡಿ. ಜೊತೆಗೆ ಉಬ್ಬರ-ಇಳಿತದ ಸೆಳೆತ ಒಂದು ಕಡೆ, ಗಾಳಿ ಅದಕ್ಕೆ ಎದುರು ಆದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ದೋಣಿ ಮಗುಚುವುದು ಇಂಥಲ್ಲೇ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಸೆಳೆತ ಜಾಸ್ತಿ ಎಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಆದರೆ ಅವರೇ ಜಾಸ್ತಿ ಧೈರ್ಯ ಮಾಡುವುದು, ‘ನಾವು ನೋಡದ ಕಡಲಾ’ ಅಂತ. ನಮ್ಮ ಕಡಲು ಬೆಚ್ಚಗಿದೆ, ಸ್ವಾಮಿ. ಅಲ್ಲಿ ಬೇಸಿಗೆಯಲ್ಲೂ ನೀರಿಗೆ ಬಿದ್ದರೆ ಮೊದಲ ನಿಮಿಷದಲ್ಲೇ ಉಸಿರು ಕಟ್ಟುತ್ತದೆ, ಸ್ವಲ್ಪ ಹೊತ್ತಿಗೆ ಕೈಬೆರಳು ಕೆಲಸ ಮಾಡುವುದಿಲ್ಲ.

ಮೂರು ದಿನಕ್ಕಿಂತ ಮುಂದಿನ ಮುನ್ಸೂಚನೆ ನೋಡಿ ಸಂತೋಷಪಡುವುದಾಗಲಿ, ಅಳುವುದಾಗಲಿ ಬೇಡ.

ಹಂತ 4: ದೋಣಿ

ಮೊದಲ ಸಲ ಸ್ವಂತ ಬಾಡಿಗೆ ದೋಣಿ ಬೇಡ. ಸ್ಕಿಪ್ಪರ್ (ದೋಣಿ ನಡೆಸುವವರು) ಇರುವ ದೋಣಿಯಲ್ಲಿ ಒಂದೆರಡು ಸಲ ಹೋಗಿ, ಉಳಿದ ದಿನ ದಡದಿಂದ ಗಾಳ ಹಾಕಿ. ಬಾಡಿಗೆ ದೋಣಿಯೇ ಬೇಕು ಅನ್ನುವವರಿಗೆ: 1980 ಅಥವಾ ನಂತರ ಹುಟ್ಟಿದವರಾದರೆ 8 ಮೀಟರ್‌ಗಿಂತ ಉದ್ದದ ಅಥವಾ 25 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ನಿನ ದೋಣಿಗೆ ಪ್ರಮಾಣಪತ್ರ ಬೇಕು. 8 ಮೀಟರ್‌ಗಿಂತ ಚಿಕ್ಕದರಲ್ಲಿ ಚಲಿಸುವಾಗ ಲೈಫ್ ಜಾಕೆಟ್ ತೊಡುವುದು ಕಾನೂನು. ನೀವು ತಂಗುವ ಮೀನುಗಾರಿಕೆ ಕ್ಯಾಂಪಿನವರು ಕೊಡುವ ಫ್ಲೋಟೇಶನ್ ಸೂಟ್ (ನೀರಿನಲ್ಲಿ ತೇಲಿಸುವ ಉಡುಪು) ಕೇಳಿ ಹಾಕಿಕೊಳ್ಳಿ. ಸಮುದ್ರದ ತುರ್ತು ಸಂಖ್ಯೆ 120. ಮೀನು ಸಾಕುವ ದೊಡ್ಡ ಬಲೆಪಂಜರಗಳು ಕಂಡರೆ 100 ಮೀಟರ್ ಒಳಗೆ ಗಾಳ ಹಾಕಬಾರದು.

ದೋಣಿ ಹೊರಡದ ದಿನಕ್ಕೆ ಬೋಡೋ ಹತ್ತಿರದ ಸಾಲ್ಟ್‌ಸ್ಟ್ರೌಮೆನ್ ಇದೆ. ಅಗಲ ಸುಮಾರು 150 ಮೀಟರ್, ಜಗತ್ತಿನ ಅತಿ ರಭಸದ ಉಬ್ಬರದ ಸೆಳೆತಗಳಲ್ಲಿ ಒಂದು. ಸುಮಾರು 6 ಗಂಟೆಗೊಮ್ಮೆ ದಿಕ್ಕು ಬದಲಾಗುತ್ತದೆ. ಸೆಳೆತ ಜೋರಾಗಿದ್ದಾಗ ಗಾಳ ತಳ ಮುಟ್ಟುವುದೇ ಇಲ್ಲ. ಅದು ತಿರುಗುವ ಹೊತ್ತಿನ ಹಿಂದೆಮುಂದೆ ಹೋಗಿ, ವೇಳಾಪಟ್ಟಿ ಸಿಗುತ್ತದೆ. ಪಾಚಿ ಹಿಡಿದ ಬಂಡೆಯ ಮೇಲೆ ಮಾತ್ರ ಕಾಲಿಡಬೇಡಿ.

ಹಂತ 5: ಸಾಮಾನು

ರಾಡ್ ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಆನ್‌ಲೈನ್‌ನಲ್ಲಿ ರಾಡ್, ರೀಲ್, ಡಬ್ಬಿ ತುಂಬ ಬಣ್ಣದ ಗಾಳ ಎಲ್ಲ ಸೇರಿ ಅಗ್ಗಕ್ಕೆ ಸಿಗುವ ಸೆಟ್ ಬರುತ್ತದಲ್ವಾ, ಅದನ್ನು ಮಾತ್ರ ಕೊಳ್ಳಬೇಡಿ. ಉಪ್ಪುನೀರಿಗೆ ರೀಲ್ ಬೇಗ ಹಿಡಿದುಕೊಳ್ಳುತ್ತದೆ, ಕೊಕ್ಕೆ ನೆಟ್ಟಗಾಗುತ್ತದೆ. ಹಣ ಖರ್ಚು ಮಾಡುವುದಿದ್ದರೆ ಒಳ್ಳೆಯ ಹೆಣೆದ ದಾರಕ್ಕೆ ಮಾಡಿ. ದೋಣಿಗೆ 150ರಿಂದ 300 ಗ್ರಾಂ ತೂಕದ ಲೋಹದ ಮೀನುಗಾಳ, ದಡಕ್ಕೆ 30ರಿಂದ 60 ಗ್ರಾಂನದು. ಜೀನ್ಸ್ ಬೇಡ, ಉಣ್ಣೆಯ ಒಳಉಡುಪು ಬೇಕು. ವಾಂತಿ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲೇ ನುಂಗಿ. ತಲೆ ತಿರುಗಿದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ.

ಹಂತ 6: ಗಾಳ ಬಿಡುವುದು

ತಳ ಮುಟ್ಟುವವರೆಗೆ ಬಿಡಿ. ದಾರ ಸಡಿಲವಾದದ್ದು ಗೊತ್ತಾದ ಕೂಡಲೇ ಒಂದೆರಡು ಮೀಟರ್ ಎತ್ತಿ, ಇಲ್ಲವಾದರೆ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಎತ್ತಿ, ಬೀಳಲು ಬಿಡಿ, ಎತ್ತಿ. ಕಾಡ್ ಕಚ್ಚುವುದು ಹೆಚ್ಚಾಗಿ ಬೀಳುವಾಗಲೇ. ದಾರ ಓರೆಯಾಗಿ ದೂರ ಹೋಗುತ್ತಿದ್ದರೆ ದೋಣಿ ಬೇಗ ತೇಲುತ್ತಿದೆ ಎಂದರ್ಥ. ಭಾರದ ಗಾಳಕ್ಕೆ ಬದಲಿಸಿ. ಕಾಡ್ ಕುಟುಂಬದ್ದೇ ಆದ ಸೇಯ್ ಮೀನು ನಡುನೀರಿನಲ್ಲಿ ಇರುತ್ತದೆ. ನಮ್ಮ ಬಂಗುಡೆಯ ದಾಯಾದಿ ಮ್ಯಾಕೆರೆಲ್ ಇನ್ನೂ ಮೇಲೆ.

ಅಳತೆ ಪಟ್ಟಿ ಜೊತೆಗಿರಲಿ. 62 ಡಿಗ್ರಿ ಉತ್ತರದಿಂದ ಮೇಲೆ ಕಾಡ್ ಕನಿಷ್ಠ 44 ಸೆಂಟಿಮೀಟರ್ ಇರಬೇಕು, ಹಾಲಿಬಟ್ ಎಂಬ ಚಪ್ಪಟೆ ಮೀನು 84. ಎರಡು ಮೀಟರ್ ದಾಟಿದ ಹಾಲಿಬಟ್‌ ಅನ್ನೂ ನೀರಿಗೇ ಬಿಡಬೇಕು. ಆಳದಿಂದ ಎಳೆದ ಕಾಡ್‌ನ ಗಾಳಿಚೀಲ ಉಬ್ಬಿರುತ್ತದೆ, ಬಿಟ್ಟರೂ ಅದು ಕೆಳಗೆ ಹೋಗಲಾರದು. ಆದ್ದರಿಂದ ಊಟಕ್ಕೆ ಸಾಕಾದಷ್ಟು ಸಿಕ್ಕಿತೋ, ಗಾಳ ಸುತ್ತಿಡಿ. ಹಿಡಿದು, ಫೋಟೊ ತೆಗೆದು, ಬಿಡುವ ಆಟ ಅಲ್ಲಿಯವರಿಗೆ ಸುಮ್ನೆ ಮೀನಿಗೆ ಹಿಂಸೆ ಕೊಟ್ಟಂತೆ ಕಾಣುತ್ತದೆ.

ಹಂತ 7: ಹಿಡಿದ ಮೇಲೆ

ತಲೆಗೆ ಒಂದೇಟು ಹಾಕಿ, ಕೂಡಲೇ ಕಿವಿರಿನ ಬಳಿ ಕೊಯ್ದು ಬಕೆಟ್ಟಿನ ಕಡಲ ನೀರಿನಲ್ಲಿ ರಕ್ತ ಹೋಗಲು ಬಿಡಿ. ಇದನ್ನು ದಡಕ್ಕೆ ಬಂದ ಮೇಲೆ ಮಾಡುತ್ತೇವೆ ಅನ್ನುವವರ ಮೀನು ಬೂದುಬಣ್ಣಕ್ಕೆ ತಿರುಗಿ ನಾರುತ್ತದೆ. ಸೀಳಿದಾಗ ಹೊಟ್ಟೆಯ ಮಾಂಸದಲ್ಲಿ ಸುರುಳಿ ಸುತ್ತಿದ ಸಣ್ಣ ಹುಳ ಕಂಡರೆ ಗಾಬರಿ ಬೇಡ. ಆ ಭಾಗ ಕತ್ತರಿಸಿ ಎಸೆಯಿರಿ, ಉಳಿದದ್ದನ್ನು ಚೆನ್ನಾಗಿ ಬೇಯಿಸಿ. ಹಸಿಯಾಗಿ ತಿನ್ನಬೇಡಿ. ಕಾಡ್ ಪದರ ಪದರವಾಗಿ ಬಿಡಿಸಿಕೊಳ್ಳುವ ಮೀನು, ಸಾರಿನಲ್ಲಿ ಕದಡಿದರೆ ಪುಡಿಯಾಗುತ್ತದೆ. ಮಸಾಲೆ ಪೂರ್ತಿ ಕುದಿಸಿ, ಕೊನೆಯ ಐದು ನಿಮಿಷಕ್ಕೆ ತುಂಡು ಹಾಕಿ, ಪಾತ್ರೆಯನ್ನಷ್ಟೇ ಅಲುಗಿಸಿ. ರವೆ ಫ್ರೈಗೆ ಸೇಯ್ ವಾಸಿ. ಬಾಫಟ್ ಪುಡಿ ಮನೆಯಿಂದಲೇ ಒಯ್ಯಿರಿ.

ಕಾರಿನಲ್ಲಿ ಐಸ್‌ಪೆಟ್ಟಿಗೆ ತುಂಬಿಕೊಂಡು ಬರುವವರಿಗೆ ಒಂದು ಮಾತು. ದೇಶದಿಂದ ಹೊರಗೆ ಒಯ್ಯುವ ಕಡಲ ಮೀನಿಗೆ ಮಿತಿ ಇದೆ. 2021ರ ನಿಯಮದಲ್ಲಿ ಅದು ಒಬ್ಬರಿಗೆ 18 ಕೆಜಿ, ವರ್ಷಕ್ಕೆ ಎರಡು ಸಲ. ಅದೂ ನೋಂದಾಯಿತ ಮೀನುಗಾರಿಕೆ ಕ್ಯಾಂಪಿನಲ್ಲಿ ತಂಗಿ, ಅವರಿಂದ ಕಾಗದ ಪಡೆದವರಿಗೆ ಮಾತ್ರ. ಈ ಅಂಕಿ ಆಗಾಗ ಬದಲಾಗುವುದರಿಂದ ಹೊರಡುವ ವಾರ ನಾರ್ವೆಯ ಮೀನುಗಾರಿಕೆ ಇಲಾಖೆಯ ತಾಣ ನೋಡಿ. ಅಗ್ಗ ಎಂದು ನೋಂದಣಿಯಿಲ್ಲದ ಮನೆ ಹಿಡಿದವರ ಪೆಟ್ಟಿಗೆಯನ್ನು ಗಡಿಯಲ್ಲಿ ತೆರೆಸಿದರೆ ಮೀನು ಜಪ್ತಿಯಾಗುತ್ತದೆ, ಮೇಲೆ ದಂಡ. ಹಾಗಾಗಿ ಕೋಣೆ ಬುಕ್ ಮಾಡುವಾಗಲೇ ನೋಂದಣಿ ಇದೆಯಾ ಎಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.