ಅಂಗಡಿ ಮೇಲೆ ಸೋಲಾರ್: ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್?

ಮೊದಲು ಹನ್ನೆರಡು ತಿಂಗಳ ಕರೆಂಟ್ ಬಿಲ್ ಮುಂದಿಟ್ಟುಕೊಳ್ಳಿ. ಉಳಿಯುವುದು ಯೂನಿಟ್ ದುಡ್ಡು ಮಾತ್ರ. ನಿಗದಿತ ಶುಲ್ಕ ಸೋಲಾರ್ ಹಾಕಿದರೂ ತಪ್ಪುವುದಿಲ್ಲ.

ಕರ್ನಾಟಕದ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅದಕ್ಕೆ ಸುಮಾರು 100 ಚದರ ಅಡಿ ತಾರಸಿ ಬೇಕು. 5 ಕಿಲೋವ್ಯಾಟ್‌ಗೆ 3 ಲಕ್ಷ ರೂ. ಕೊಟೇಶನ್ ಬಂತೆನ್ನಿ: ವರ್ಷಕ್ಕೆ ಸುಮಾರು 7,000 ಯೂನಿಟ್, ಯೂನಿಟ್‌ಗೆ 7 ರೂ.ನಂತೆ 49,000 ಉಳಿತಾಯ. ಪ್ಯಾನೆಲ್ ತೊಳೆಯಲು, ರಿಪೇರಿಗೆ 4,000 ಕಳೆಯಿರಿ. ಅಸಲು ಬರಲು ಆರೂವರೆ ವರ್ಷ ದಾಟುತ್ತದೆ. ‘ಮೂರೇ ವರ್ಷ’ ಎನ್ನುವವರ ಬಳಿ ಲೆಕ್ಕ ಬರೆಸಿಕೊಳ್ಳಿ.

ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯ ಸೋಲಾರ್ ಸಹಾಯಧನ ಮನೆಗಳಿಗಷ್ಟೇ, ಅಂಗಡಿಗಿಲ್ಲ.

ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಬ್ಯಾಟರಿಯಿಲ್ಲದ ಆನ್‌ಗ್ರಿಡ್ (ವಿದ್ಯುತ್ ಕಂಪನಿಯ ಲೈನ್‌ಗೆ ಜೋಡಿಸಿದ) ವ್ಯವಸ್ಥೆ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಯುಪಿಎಸ್ ಮಾರಬೇಡಿ.