ಸುಟ್ಟ ತಂತಿ ತೂಗಿದ ಲೆಕ್ಕ

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ನಮ್ಮ ಅಂಗಡಿಗೆ ಬರುವ ರೈತರು ನನ್ನನ್ನು ‘ಇಂಜಿನಿಯರ್ರೇ’ ಅಂತ ಕರೆಯುತ್ತಾರೆ. ಅರ್ಧ ಗೌರವ, ಅರ್ಧ ಚಾಷ್ಟಿ. ಇಂಜಿನಿಯರಿಂಗಿಗೂ ನನಗೂ ಇರುವ ನಂಟು ಇಷ್ಟೇ: 1951ರಿಂದ ದಾವಣಗೆರೆಯಲ್ಲಿರುವ ಬಿ.ಡಿ.ಟಿ. ಕಾಲೇಜಿನ ಗೇಟಿನ ಮುಂದೆ ಸೈಕಲ್ ಕ್ಯಾರಿಯರಿಗೆ ಮೋಟಾರು ಬಿಗಿದುಕೊಂಡು ಸಾವಿರ ಸಲ ಓಡಾಡಿದ್ದೇನೆ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಡುಮ್ಕಿ ಹೊಡೆದೆ. ಅಪ್ಪ ದುಡಿಯುತ್ತಿದ್ದ ಹತ್ತಿ ಗಿರಣಿ ಆಗಲೇ ಬಾಗಿಲು ಹಾಕಿತ್ತು. ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನುವ ಹೆಸರಷ್ಟೇ ಉಳಿದಿತ್ತು. ದಾವಣಗೆರೆ ಜಿಲ್ಲೆಯಾದ 1997ರಲ್ಲಿ ನಾನು ಇಂಥದೇ ಒಂದು ವೈಂಡಿಂಗ್ ಅಂಗಡಿಗೆ ಕಸ ಹೊಡೆಯಲು, ಚಹಾ ತರಲು ಸೇರಿದೆ. ಮೇಸ್ತ್ರಿ ಒಳ್ಳೆಯವರೇ, ಆದರೆ ಸುತ್ತು ಎಣಿಸುವಾಗ ಮಾತ್ರ ಬೆನ್ನು ತಿರುಗಿಸಿ ಕೂರುತ್ತಿದ್ದರು. ಕಸುಬಿನ ಗುಟ್ಟು ಅಲ್ಲೇ ಇದೆ ಅಂತ ಅದರಿಂದಲೇ ಗೊತ್ತಾಯಿತು.

ಅವರು ಬಿಚ್ಚಿ ಎಸೆದ ಸುಟ್ಟ ಕಾಯಿಲುಗಳನ್ನು, ಅಂದರೆ ತಂತಿ ಸುರುಳಿಗಳನ್ನು, ಗುಜರಿ ಚೀಲಕ್ಕೆ ತುಂಬುವ ಕೆಲಸ ನನ್ನದು. ತುಂಬುವ ಮೊದಲು ಎಣಿಸುತ್ತಿದ್ದೆ. ಒಂದೇ ಕಾಯಿಲು ಎಣಿಸಿ ನಂಬಬಾರದು, ಹಿಂದೆ ಸುತ್ತಿದವನೂ ತಪ್ಪಿರಬಹುದು. ಮೂರು ಎಣಿಸಿ, ಎರಡು ತಾಳೆಯಾದರೆ ಅದು ಸರಿ. ಕಾಯಿಲು ಕೂರುವ ಸೀಳುಗಳಿಗೆ ಸ್ಲಾಟ್ ಅನ್ನುತ್ತೇವೆ. 36 ಸ್ಲಾಟಿನ, ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿನಲ್ಲಿ ಕಾಯಿಲುಗಳು ಒಂದರೊಳಗೊಂದು ಕೂರುತ್ತವೆ: 3ನೇ ಸ್ಲಾಟಿನಿಂದ 10ನೆಯದಕ್ಕೆ, ಅದರಾಚೆ 2ರಿಂದ 11, ಅದರಾಚೆ 1ರಿಂದ 12. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಾಗ ನನಗೆ ಕಂಡಿದ್ದು ಅಂಗಳದ ರಂಗೋಲಿ. ಡುಮ್ಕಿ ಹೊಡೆದವನ ತಲೆಗೂ ಅದು ಇಳಿಯಿತು.

ಆಮೇಲೆ ಸುಟ್ಟಿದ್ದನ್ನು ಓದುವುದು ಕಲಿತೆ. ಮೂರು ಫೇಸಿನ ಕರೆಂಟಿಗೆ ಮೂರು ಗುಂಪು ಕಾಯಿಲು; ಅವನ್ನು ಜೋಡಿಸುವ ರೀತಿ ಎರಡು, ಡೆಲ್ಟಾ ಮತ್ತು ಸ್ಟಾರ್. ಡೆಲ್ಟಾ ಕಟ್ಟಿದ ಮೋಟಾರಿನಲ್ಲಿ ಒಂದು ಫೇಸಿನ ಕಾಯಿಲುಗಳಷ್ಟೇ ಕರಿಕಲಾಗಿ ಉಳಿದೆರಡು ಕೆಂಪಗೆ ಚೆನ್ನಾಗಿದ್ದರೆ, ಲೈನಿನಲ್ಲಿ ಒಂದು ಫೇಸ್ ಹೋಗಿದ್ದರೂ ಮೋಟಾರು ಓಡಿದೆ ಅಂತ ಅರ್ಥ. ಸ್ಟಾರ್ ಆಗಿದ್ದರೆ ಎರಡು ಕರಿಕಲು, ಒಂದು ಚೆನ್ನ. ಮೂರೂ ಒಂದೇ ಸಮ ಕಪ್ಪಾಗಿದ್ದರೆ ಹೊರೆ ಹೆಚ್ಚಾಗಿದೆ, ಇಲ್ಲವೇ ವೋಲ್ಟೇಜು ಬಿದ್ದಿದೆ, ಇಲ್ಲವೇ ಸುತ್ತಿದವನು ಎಡವಿದ್ದಾನೆ. ಈ ಕೊನೆಯದನ್ನು ಯಾವ ವೈಂಡರೂ ಗಿರಾಕಿಯ ಮುಂದೆ ಹೇಳುವುದಿಲ್ಲ.

2001ರಲ್ಲಿ ಮದುವೆಯಾಯಿತು, 2006ರಲ್ಲಿ ಸ್ವಂತ ಅಂಗಡಿ. ಮುಂದೆ ಷಟರ್, ಹಿಂದೆ ಮನೆ. ಹೆಂಡತಿಯ ತವರಲ್ಲಿ ಮಂಡಕ್ಕಿ ಭಟ್ಟಿ. ಎಷ್ಟು ಭತ್ತ ಹೋಯಿತು, ಎಷ್ಟು ಮಂಡಕ್ಕಿ ಬಂತು ಅಂತ ಬರೆದಿಡುವ ಅಭ್ಯಾಸ ಅಲ್ಲಿಂದ ಬಂದಿದ್ದು. ಗುಜರಿಯವನು ತೂಕದಲ್ಲಿ ಮೋಸ ಮಾಡುತ್ತಾನೆ ಅಂತ ಅವಳು ಪ್ರತಿ ಮೋಟಾರಿನಿಂದ ತೆಗೆದ ಸುಟ್ಟ ತಾಮ್ರ ತೂಗಿ ಬರೆಯತೊಡಗಿದಳು. ಆಮೇಲೆ ಪಕ್ಕದಲ್ಲೇ ಹೊಸ ತಂತಿ ಎಷ್ಟು ಹೋಯಿತು ಅನ್ನುವುದನ್ನೂ. ನಾನು ನಗುತ್ತಿದ್ದೆ. ಮಧ್ಯಾಹ್ನ ಮಗಳು ಮಲಗಿದ ಮೇಲೆ ಸ್ಲಾಟಿಗೆ ಪೇಪರ್ ಮಡಚಿ ಕೂರಿಸುವುದೂ ಅವಳೇ. ಆ ಕೈ ನನಗೆ ಇವತ್ತಿಗೂ ಬಂದಿಲ್ಲ.

2017ರ ಯುಗಾದಿ ಹತ್ತಿರ. ಮಾಯಕೊಂಡದ ಕಡೆಯ ಹಳ್ಳಿಯೊಂದರಿಂದ ಹಿಟ್ಟಿನ ಗಿರಣಿಯವರು 5 ಎಚ್‌ಪಿ ಮೋಟಾರು ಹೊತ್ತು ತಂದರು. ಖಾರದಪುಡಿ ಕಾಲ. “ಇಂಜಿನಿಯರ್ರೇ, ಹೆಣ್ಮಕ್ಕಳು ಮೆಣಸಿನಕಾಯಿ ಡಬ್ಬ ಸಾಲಾಗಿ ಇಟ್ಟು ಹೋಗ್ಯಾರೆ. ನಾಳೆ ಮುಂಜಾನೆ ಬೇಕೇ ಬೇಕು.” ಬಿಚ್ಚಿದೆ. ಒಂದು ಫೇಸ್ ಕಪ್ಪು, ಎರಡು ಕೆಂಪು. ಫ್ಯೂಸ್ ಹೋಗಿದ್ದು ಅವರಿಗೆ ತಿಳಿದಿರಲಿಲ್ಲ.

ತಂತಿ 20ನೇ ನಂಬರು; ನಂಬರು ಹೆಚ್ಚಿದಷ್ಟೂ ತಂತಿ ಸಣ್ಣ. ನನ್ನಲ್ಲಿ ಮುಗಿದಿತ್ತು, ಅವತ್ತು ಅಮಾವಾಸ್ಯೆ, ತಂತಿ ಅಂಗಡಿ ಬಾಗಿಲು. ಮೇಸ್ತ್ರಿಯಿಂದ ಕೇಳಿದ್ದ ಸೂತ್ರ ನೆನಪಾಯಿತು: ಮೂರು ನಂಬರು ಸಣ್ಣ ತಂತಿ ಹಿಡಿದರೆ ಎರಡೆಳೆ ಜೊತೆಗೆ ಸುತ್ತು. 23ನೇ ನಂಬರಿನ ಎರಡೆಳೆ ಸುತ್ತಿದೆ. ಬೆಳಗಿನ ಜಾವ ವಾರ್ನಿಷ್ ಒಣಗಿಸಿ, ಮೆಗ್ಗರ್ ಹಿಡಿದು ಕರೆಂಟ್ ಸೋರುತ್ತಿಲ್ಲ ಅಂತ ನೋಡಿ, ಹೊರೆ ಇಲ್ಲದೆ ಓಡಿಸಿದೆ. ಟಾಂಗ್ ಟೆಸ್ಟರಿನಲ್ಲಿ ಮೂರೂ ಫೇಸಿನ ಆಂಪ್ಸ್ ಸಮ. ಕಳಿಸಿಕೊಟ್ಟೆ.

ಒಂಬತ್ತನೇ ದಿನ ವಾಪಸ್ ಬಂತು. ಎಂಡ್ ಕವರ್ ತೆಗೆದರೆ ಸುತ್ತಲೂ ಒಂದೇ ಸಮ ಕಪ್ಪು.

“ನಿಮ್ಮೂರಾಗೆ ವೋಲ್ಟೇಜ್ ಇಲ್ಲ ಯಜಮಾನ್ರೇ” ಅನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಸುಳ್ಳೇನಲ್ಲ, ಬೇಸಿಗೆಯ ಸಂಜೆ ವೋಲ್ಟೇಜು ಬೀಳುತ್ತದೆ, ಬಿದ್ದಾಗ ಅದೇ ಹೊರೆಗೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತದೆ. ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಕರೆದಳು. “ರೀ, ಸ್ವಲ್ಪ ಬನ್ನಿ ಇಲ್ಲಿ.” ಪುಸ್ತಕ ತೆರೆದಿಟ್ಟಿದ್ದಳು. ಆ ಮೋಟಾರಿನಿಂದ ಬಂದಿದ್ದು 4 ಕೆಜಿ 100 ಗ್ರಾಂ. ಒಳಗೆ ಹೋಗಿದ್ದು 3 ಕೆಜಿ 600. “ಅರ್ಧ ಕಿಲೋ ಎಲ್ಲಿಗೆ ಹೋತು?”

ಸುಟ್ಟ ತಂತಿಗೆ ವಾರ್ನಿಷ್ ಅಂಟಿರುತ್ತದೆ ಅಂದೆ. ಅರ್ಧ ಕಿಲೋ ಅಂಟುತ್ತದಾ ಅಂದಳು.

ಮಗಳು ಆಗ ಒಂಬತ್ತನೇ ಕ್ಲಾಸು, ಪರೀಕ್ಷೆಗೆ ಓದುತ್ತಾ ಕೂತಿದ್ದಳು. “ಅಪ್ಪಾಜಿ, ತಂತಿ ದಪ್ಪ ಎಷ್ಟು?” ಗೋಡೆಗೆ ಅಂಟಿಸಿದ್ದ ಪಟ್ಟಿ ಓದಿದೆ: 20 ಅಂದರೆ 0.914 ಮಿಲಿಮೀಟರ್, 23 ಅಂದರೆ 0.610. ನಾನು ಇಪ್ಪತ್ತು ವರ್ಷ ಆ ಪಟ್ಟಿ ನೋಡಿದವನು, ದಪ್ಪವನ್ನೇ ನೋಡಿದವನು. ಅವಳು ವರ್ಗ ಮಾಡಿದಳು. ಒಂದರದ್ದು 0.835, ಇನ್ನೊಂದರದ್ದು 0.372, ಎರಡೆಳೆ ಅಂದರೆ 0.744. “ನೂರಕ್ಕೆ 11 ಕಡಿಮೆ ಬಂತಲ್ಲ.” ಕರೆಂಟಿಗೆ ಬೇಕಿರುವುದು ತಂತಿಯ ಅಗಲವಲ್ಲ, ಅದನ್ನು ಅಡ್ಡ ಕತ್ತರಿಸಿದರೆ ಸಿಗುವ ಜಾಗ. ಮೂರು ನಂಬರಿಗೆ ಎರಡೆಳೆ ಅನ್ನುವುದು ಅಮೆರಿಕದ ಗೇಜಿಗೆ, ಅಂದರೆ ಅವರ ತಂತಿ ನಂಬರಿಗೆ, ಹೊಂದುವ ಸೂತ್ರ ಅಂತ ತುಂಬಾ ದಿನದ ಮೇಲೆ ತಿಳಿಯಿತು. ನಾವು ಬಳಸುವುದು ಬ್ರಿಟಿಷರ ಗೇಜು. ಎರಡರ ನಂಬರೂ ಒಂದೇ ಥರ ಕಾಣುತ್ತವೆ. ನಮ್ಮ ಮೇಸ್ತ್ರಿಗೆ ಅದನ್ನು ಯಾರು ಹೇಳಿದ್ದರೋ!

ತಾಮ್ರ ಕಡಿಮೆಯಾದರೆ ತಡೆ ಹೆಚ್ಚು, ಬಿಸಿ ಹೆಚ್ಚು. ಹೊರೆ ಇಲ್ಲದೆ ಓಡಿಸಿದಾಗ ತೋರಲಿಲ್ಲ, ಕಲ್ಲಿನ ನಡುವೆ ಒಣಮೆಣಸಿನಕಾಯಿ ಬಿದ್ದಾಗ ತೋರಿತು.

ಹೊರಗೆ ಬಂದು “ತಪ್ಪು ನಂದೇ” ಅಂದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ, ತಲೆ ಮೇಲೆ ಟವೆಲ್ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ನನ್ನ ಖರ್ಚಿನಲ್ಲಿ 20ನೇ ನಂಬರು ತಂದು ಮತ್ತೆ ಸುತ್ತಿದೆ, ಜೊತೆಗೆ ಒಂದು ಫೇಸ್ ಹೋದರೆ ತಾನೇ ಆಫ್ ಆಗುವ ಪ್ರಿವೆಂಟರ್ ಹಾಕಿಕೊಟ್ಟೆ. ಹಳೇ ತಂತಿ ತೆಗೆಯಲು ಸ್ಟೇಟರನ್ನು, ಅಂದರೆ ಕಾಯಿಲು ಕೂರುವ ತಗಡಿನ ಕೋರನ್ನು, ಬೆಂಕಿಗೆ ಹಾಕುವ ಚಾಳಿಯನ್ನೂ ಆ ವರ್ಷವೇ ಬಿಟ್ಟೆ. ತಗಡಿನ ಪದರಗಳ ನಡುವಿನ ಲೇಪ ಸುಟ್ಟರೆ ಎಷ್ಟು ಚೆನ್ನಾಗಿ ಸುತ್ತಿದರೂ ಕೋರು ಕಾಯುತ್ತದೆ. ತಡವಾದರೂ ಸರಿ, ಒಂದು ಕಡೆ ಕತ್ತರಿಸಿ ಹದವಾಗಿ ಬಿಸಿ ಮಾಡಿಯೇ ಎಳೆಯುತ್ತೇನೆ.

ಈಗ ತೂಕ ತಾಳೆಯಾಗದೆ ಯಾವ ಮೋಟಾರೂ ವಾರ್ನಿಷಿಗೆ ಹೋಗುವುದಿಲ್ಲ. ರಾತ್ರಿ ಎಂಟಕ್ಕೆ ಷಟರ್ ಇಳಿಯುತ್ತದೆ, ಗಿರಾಕಿ ಎಷ್ಟೇ ಅವಸರ ಮಾಡಲಿ. ಆ ಕೆಟ್ಟ ಕೆಲಸ ಆಗಿದ್ದು ನಿದ್ದೆಗೆಟ್ಟ ರಾತ್ರಿಯಲ್ಲಿ ಅಂತ ಹೆಂಡತಿ ಹಾಕಿದ ನಿಯಮ. ಮಗಳು ಬಿ.ಕಾಂ. ಮಾಡಿದಳು. ಮೋಟಾರು ಅಂದರೆ ಮೂಗು ಮುರಿಯುತ್ತಾಳೆ, ವಾರ್ನಿಷ್ ವಾಸನೆಯಂತೆ.

ಹೋದ ತಿಂಗಳು ಗಿರಣಿಯ ಅದೇ ಮೋಟಾರು ಮತ್ತೆ ಬಂತು. ಎದೆ ಧಸಕ್ಕೆಂದಿತು. ಬಿಚ್ಚಿದರೆ ಕಾಯಿಲು ಹಾಗೇ ಇದ್ದವು, 6206 ಬೇರಿಂಗ್ ಮಾತ್ರ ಸವೆದಿತ್ತು. ಹೆಂಡತಿ ತಕ್ಕಡಿ ಹಿಡಿದು ಬಂದವಳು, ತೂಗಲು ಏನೂ ಇಲ್ಲ ಅಂತ ನೋಡಿ, ಹಳೇ ಪುಸ್ತಕ ಹುಡುಕಿ ತೆಗೆದು, ಆ ಸಾಲಿನ ಪಕ್ಕ ‘ಬೇರಿಂಗ್ ಅಷ್ಟೇ’ ಅಂತ ಬರೆದಳು.